ದಾಸ್ತಾನು

ನಾಳಿದ್ದು ನಿವೃತ್ತಿ. ಇವತ್ತು ಫ್ರೀಜರಿನ ಲೆಕ್ಕ ಒಪ್ಪಿಸಬೇಕು.
ಹಾಲೇಶಪ್ಪ ಕೈಗವಸು ತೊಟ್ಟು ಬಾಗಿಲು ತೆಗೆದರೆ
ಮೈನಸ್ ಎಂಬತ್ತರ ಬಿಳಿ ಹೊಗೆ
ದಾವಣಗೆರೆಯ ಏಪ್ರಿಲ್ಲಿಗೆ ಇಳಿದು
ನಮ್ಮಿಬ್ಬರ ಪಾದದ ಬಳಿ ಸತ್ತುಹೋಗುತ್ತದೆ.

ಬಾಕ್ಸ್ ಒಂದು. ಎಂಬತ್ತೊಂದು ಗೂಡು, ಎಪ್ಪತ್ತಾರು ಕೊಳವೆ.
ಒಂದೊಂದರಲ್ಲೂ ಇಷ್ಟಿಷ್ಟೇ ಸೀರಮ್,
ಚಳಿಗಾಲದ ತುಪ್ಪದಂತೆ ಗಟ್ಟಿ, ಅದೇ ಬಣ್ಣ.
ನಂಬರು ಮಾತ್ರ; ಹೆಸರು ಬರೆಯಕೂಡದೆಂದು ನಿಯಮ.
ಆದರೂ ನಲವತ್ತೇಳು ಅಂದರೆ ಖೈರುನ್ನಿಸಾ.

ಮಂಡಕ್ಕಿ ಭಟ್ಟಿಯಲ್ಲಿ ಹನ್ನೊಂದು ವರ್ಷ ಮರಳಿನ ಜರಡಿ ಹಿಡಿದವಳು.
ಡಿಸೆಂಬರಿನ ಒಂದು ಬೆಳಗು ಓಪಿಡಿಗೆ ಬಂದು
ಕೈಗಳನ್ನು ಮೇಜಿನ ಮೇಲೆ ಇಟ್ಟಳು,
ಯಾರದೋ ಸಾಮಾನು ವಾಪಸು ಕೊಡುವವಳ ಹಾಗೆ.
ಬೆರಳು ಮೊದಲು ಸುಣ್ಣ, ಆಮೇಲೆ ನೇರಳೆ, ಕೊನೆಗೆ ಕೆಂಪು.
ಚರ್ಮ ಚಿವುಟಲು ಬಾರದು. ಬಾಯಿ
ಒಂದು ತುತ್ತು ಬೆಣ್ಣೆದೋಸೆಯಷ್ಟೂ ತೆರೆಯದು.

ನಾನಾಗ ಹೊಸಬಳು, ಗಾದೆ ಹೇಳಿ ರೋಗ ತಿಳಿಸುವ ಹುಮ್ಮಸ್ಸು:
"ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಕಣಮ್ಮ.
ಕಾಯಬೇಕಾದ ರಕ್ತವೇ ನಿನ್ನ ಮೈ ತಿನ್ನುತ್ತಿದೆ."
ಆಕೆ ಸ್ವಲ್ಪ ಯೋಚಿಸಿ,
"ಬೇಲಿಗೂ ಹಸಿವಾಗಿತ್ತೇನೋ, ಮೇಡಮ್" ಅಂದಳು.

ಆಮೇಲೆ ನಾನು ಓದಿದ್ದೆಲ್ಲ ಆ ಮಾತಿನ ಅಡಿಟಿಪ್ಪಣಿ.

ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಭಟ್ಟಿ, ರಾತ್ರಿ ಕತ್ತಲಕೋಣೆ.
ಭಟ್ಟಿಯ ಮಾಲೀಕರು ಮೊದಲು ಲೇಬರ್ ಇನ್ಸ್‌ಪೆಕ್ಟರೆಂದು ಹೆದರಿ ಟೀ ತರಿಸಿದರು,
ಡಾಕ್ಟರೆಂದು ತಿಳಿದ ಮೇಲೆ ತರಿಸಲಿಲ್ಲ.
ಕಾದ ಮರಳು, ಸುಡುವ ಟೈರಿನ ಮಸಿ, ಚಟಚಟ ಅರಳುವ ಅಕ್ಕಿ.
ಧೂಳೇ ಕಾರಣವೆ? ಹೊಗೆಯೆ? ಹೆಣ್ಣಾಗಿರುವುದೆ?
ಸೂಕ್ಷ್ಮದರ್ಶಕದಡಿ, ಜೀವಕೋಶದ ನಡುಮನೆಯಲ್ಲಿ
ಹೊಳೆವ ಹಸಿರು ಚುಕ್ಕಿ, ಕೈತಪ್ಪಿ ಚೆಲ್ಲಿದ ಸಾಸಿವೆ.
ಎಣಿಸುತ್ತ ಕೂತವಳಿಗೆ ಕನ್ನಡಕದ ನಂಬರು ನಾಲ್ಕು ಸಲ ಬದಲಾಯಿತು.

ಬಾಕ್ಸ್ ಎರಡು, ಸರಿ.
ಬಾಕ್ಸ್ ಮೂರು, ಇಲ್ಲ.
ಹಾಲೇಶಪ್ಪ ಈಗಲೂ ತಲೆ ತಗ್ಗಿಸುತ್ತಾನೆ.
ಆ ಯುಗಾದಿಯ ರಾತ್ರಿ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ಇರದೆ,
ಐಸ್ ಫ್ಯಾಕ್ಟರಿಯಿಂದ ಸೈಕಲ್ಲಿನ ಮೇಲೆ
ಗೋಣಿಯಲ್ಲಿ ಸುತ್ತಿ ತಂದಿದ್ದ ಮಂಜುಗಡ್ಡೆ.
ಮೈನಸ್ ಎಂಬತ್ತರ ಮುಂದೆ ಅದು ಬಿಸಿನೀರು.
ಗೊತ್ತಿದ್ದೂ ನಾನು ಬೇಡವೆನ್ನಲಿಲ್ಲ.

ಮತ್ತೆ ಭಟ್ಟಿಗೆ ಹೋದೆ, ಸೂಜಿ ಹಿಡಿದು.
"ಹಳೇದು ಏನಾತ್ರೀ?"
"ಕರಗಿಹೋಯ್ತು."
ಖೈರುನ್ನಿಸಾ ತೋಳು ಚಾಚಿದಳು. ನರ ಸಿಗಲಿಲ್ಲ, ಮೂರು ಸಲ ಚುಚ್ಚಿದೆ.
ಅದೇ ಅವಳ ಕೊನೆಯ ಕೊಳವೆ.
ಫೆಬ್ರುವರಿಗೆ ಶ್ವಾಸಕೋಶವೂ ಕಲ್ಲಾಯಿತು.

ಬಾಕ್ಸ್ ಐದು, ರೋಗವಿಲ್ಲದವರದು, ಹೋಲಿಕೆಗೆ.
ಅದರಲ್ಲಿ ಹಾಲೇಶಪ್ಪನದೊಂದು, ನನ್ನದೊಂದು, ಅಕ್ಕಪಕ್ಕ.

"ಮಾದರಿಗಳ ಸಂಖ್ಯೆ ಸಾಲದು" ಎಂದು ಬರೆದರು ದೂರದ ಪರಿಶೀಲಕರು.
ನಿಜ. ಸಾಲದು.
ಇನ್ನಷ್ಟು ಜನಕ್ಕೆ ಬರಲಿ ಎಂದು ಹರಸಿಕೊಳ್ಳಲೆ?
ಲೇಖನ ಕೊನೆಗೂ ಅಚ್ಚಾಯಿತು,
"ಇರಬಹುದು" ಎಂಬ ಒಂದೇ ಕಾಲಿನ ಮೇಲೆ ನಿಂತು.
ಒಂದು ಭಟ್ಟಿಯ ಚಿಮಣಿ ಎತ್ತರವಾಯಿತು. ಒಂದೇ.

ಬಾಕ್ಸ್ ಹನ್ನೆರಡು, ಕೊನೆಯ ಸಾಲು.
"ಇದು ಖಾಲಿ ಐತಿ ಮೇಡಮ್. ಎಸೀಲಾ?"
ನಂಬರಿಲ್ಲ. ಪೆನ್ಸಿಲಿನಲ್ಲಿ ಹೆಸರು: ದುರುಗವ್ವ.
ಒಪ್ಪಿಗೆ ಪತ್ರವನ್ನು ಪೂರ್ತಿ ಓದಿಸಿ ಕೇಳಿ,
ಸೆರಗಿನಿಂದ ಮುಂಗೈ ಮುಚ್ಚಿಕೊಂಡು ಹೇಳಿದ್ದಳು:
"ನನ್ನ ರಕ್ತ ನಂದು. ಕೊಡಾದಿಲ್ಲ, ಹೋಗ್ರೀ."
ತನ್ನದು ಯಾವುದು, ತನ್ನದಲ್ಲದ್ದು ಯಾವುದು,
ದೇಹ ಅದನ್ನು ಹೇಗೆ ಕಲಿಯುತ್ತದೆ, ಹೇಗೆ ಮರೆಯುತ್ತದೆ ಎಂದು
ಪಾಠ ಮಾಡುವಾಗಲೆಲ್ಲ ನನ್ನ ಕಣ್ಣಿಗೆ ಬಂದದ್ದು ಆ ಸೆರಗು.

"ಇರಲಿ," ಅಂದೆ. "ಪಟ್ಟಿಯಲ್ಲಿ ಬರಿ."
ಹಾಲೇಶಪ್ಪ ಬರೆದ: ಕೊಳವೆ ಒಂದು. ಒಳಗೆ
ಅಲ್ಲಿಗೆ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.
ಬಾಗಿಲು ತೆರೆದೇ ಇತ್ತು. ಅಲಾರಂ ಕೂಗತೊಡಗಿತು.