ಐದೂ ಹತ್ತಕ್ಕೆ

ಪಯ್ಯನ್ನೂರಿನ ಪ್ರಜೀಶ್ ಒಳ್ಳೆಯ ಹುಡುಗ.
ಓಣಂ ರಜೆಯ ನಾಲ್ಕು ದಿನ ಯಾರೋ
ಕಂಪ್ಯೂಟರ್ ಹಾಗೇ ಬಿಟ್ಟುಹೋಗಿ, ಯುಪಿಎಸ್ ಸುಟ್ಟು
ಪಂಚಾಯತು ಕಚೇರಿಯಿಡೀ ಕಮಟು ನಾತ ಅಡರಿದ ಮೇಲೆ
ಮೌಸು ಹಿಡಿದು ಕೂತ, ಅಲ್ಲೊಮ್ಮೆ ಇಲ್ಲೊಮ್ಮೆ ಒತ್ತಿದ.
"ಇನಿ ಪೇಡಿಕ್ಕೇಂಡ ಚೇಚೀ" ಅಂದ,
ಇನ್ನು ಐದೂ ಹತ್ತಕ್ಕೆ ಅದೇ ಮಲಗುತ್ತದೆ.

ನಾನು ಭಾಷಾಂತರದವಳು. ದಿನಗೂಲಿ.
ಮಲಯಾಳದ ನೋಟೀಸು ಬೆಳಿಗ್ಗೆ ಹುಟ್ಟಿ
ಸಹಿಯಾಗಿ, ಸೀಲಾಗಿ, ಊಟ ಮುಗಿಸಿಕೊಂಡು
ನಾಲ್ಕೂವರೆಗೆ ನನ್ನ ಮೇಜಿಗೆ ಬರುತ್ತದೆ.
ಕನ್ನಡಕ್ಕೆ ಉಳಿಯುವುದು ನಲ್ವತ್ತು ನಿಮಿಷ.
ಅದರಲ್ಲಿ ಹತ್ತು, ಫಾಂಟು ನುಂಗಿದ ಒತ್ತಕ್ಷರಗಳನ್ನು
ಒಂದೊಂದಾಗಿ ಕಕ್ಕಿಸಲಿಕ್ಕೆ.

ಮೊದಲು ಒಂದು ಸಣ್ಣ ಚೌಕ ಏಳುತ್ತದೆ:
ಇನ್ನು ಒಂದು ನಿಮಿಷ. ಇಂಗ್ಲಿಷಿನಲ್ಲಿ.
ಆ ಒಂದು ಮಾತನ್ನು ಮಾತ್ರ ಯಾರೂ
ತರ್ಜುಮೆಗೆಂದು ನನ್ನ ಮುಂದೆ ಇಟ್ಟಿಲ್ಲ.

ಹಾಗಾಗಿ ನಾನೇ ಬಸ್ಸಿನಲ್ಲಿ ಯೋಚಿಸಿದೆ, ಬಾಯಾರಿನ ತಿರುವಿನ ತನಕ.
ಸ್ಥಗಿತ: ಮುಷ್ಕರಕ್ಕೆ ಸರಿ.
ಮುಚ್ಚು: ಡಬ್ಬಿಗೆ. ಬಾಯಿಗೂ.
ಆರಿಸು: ಅಕ್ಕಿಯಿಂದ ಕಲ್ಲನ್ನು, ವಾರ್ಡಿನಿಂದ ಮೆಂಬರನ್ನು.
ನಂದಿಸು: ಅಮ್ಮನ ಎದುರು ಆ ಮಾತು ಆಡಿ ನೋಡಿ!
ನಮ್ಮಲ್ಲಿ ದೀಪ ನಂದುವುದಿಲ್ಲ,
ದೀಪವನ್ನು ದೊಡ್ಡದು ಮಾಡುತ್ತಾರೆ.
ಹೊರಟವರು ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ.
ಈ ಲೆಕ್ಕದಲ್ಲಿ ದಿನಾ ಐದೂ ಹತ್ತಕ್ಕೆ
ಪಂಚಾಯತಿನ ಕಂಪ್ಯೂಟರ್ ದೊಡ್ಡದಾಗುತ್ತದೆ.
ಪ್ರಜೀಶನಿಗೆ ಹೇಳಿದೆ. ಅವನು ಪರದೆಯನ್ನು ನೋಡಿದ,
ನನ್ನನ್ನು ನೋಡಿದ, ಚಾಯ ತರಲು ಹೋದ.

ಮಂಗಳವಾರ ಐತಪ್ಪ ಮೂಲ್ಯರು ಮೂರನೇ ಸಲ ಬಂದಿದ್ದರು.
ಮಾರ್ಗ ಅಗಲವಾಗುವಾಗ ಅವರ ಆವೆಯ ಒಂದು ಮೂಲೆ ಹೋಗುತ್ತದಂತೆ.
ಹೊರಗೆ ಬೆಂಚಿನ ಮೇಲೆ ಕೊಡೆ ಅಡ್ಡ ಇಟ್ಟುಕೊಂಡು ಕಾಯುತ್ತಿದ್ದರು.
ನಾನು ಕುಟ್ಟುತ್ತಿದ್ದೆ:
ಆಕ್ಷೇಪಗಳಿದ್ದಲ್ಲಿ, ದಿನಾಂಕ ಇಪ್ಪತ್ತೊಂದರಂದು,
ಅಸಲು ದಾಖಲೆಗಳ ಸಹಿತ, ಖುದ್ದಾಗಿ ಹಾಜರಾಗ

ಅಲ್ಲಿಗೆ ಕಪ್ಪು.

ಕನ್ನಡದ ಜೀವ ಇರುವುದು ಬಾಲದಲ್ಲಿ.
ಹಾಜರಾಗಬೇಕೋ, ಆಗಬಾರದೋ, ಆಗಬಹುದೋ,
ಆಗದೇ ಇದ್ದರೆ ಏನೋ,
ಎಲ್ಲ ಆ ತುದಿಯಲ್ಲಿ. ತುದಿ ಎಲ್ಲಿ ಹೋಯಿತೋ.
ಗಾಜಿನಲ್ಲಿ ಈಗ ನನ್ನ ಮುಖ,
ಬೆನ್ನಿಗೆ ಕಿಟಕಿಯ ಸರಳು, ಸರಳಿನಾಚೆ ಎದ್ದು ನಿಂತ ಮೂಲ್ಯರು.

ನಿಲ್ಲಿಸುವ ಮಂತ್ರವೂ ಉಂಟು. ಪ್ರಜೀಶನೇ
ತೆರಿಗೆ ರಶೀದಿಯ ಬೆನ್ನಿಗೆ ಬರೆದುಕೊಟ್ಟಿದ್ದ,
ಕೊನೆಗೊಂದು ಅಡ್ಡಗೆರೆ, ಒಂದು ಎ.
ಅರುವತ್ತು ಸೆಕೆಂಡಿನೊಳಗೆ ಕುಟ್ಟಿದರೆ ಸಾಕು.
ರಶೀದಿ ಎಲ್ಲೋ ಬಿತ್ತು ಎಂದು ಹೇಳಿಕೊಂಡು ಬಂದಿದ್ದೇನೆ.
ಬಿದ್ದಿಲ್ಲ. ಪರ್ಸಿನಲ್ಲಿ ಇದೆ.
ಐದೂ ಇಪ್ಪತ್ತಕ್ಕೆ ಬಸ್ಸು, ಅದು ತಪ್ಪಿದರೆ ಏಳಕ್ಕೆ.
ನಲ್ವತ್ತು ನಿಮಿಷ ಮೀರಿದ ಕನ್ನಡಕ್ಕೆ ಸಂಬಳವೂ ಇಲ್ಲ.

"ಆಂಡಾ ಅಕ್ಕಾ?" ಕೇಳಿದರು.

ಮೆಟ್ಟಿಲ ಮೇಲೆ ಚಪ್ಪಲಿ ತಡಕುತ್ತ
ಉಳಿದ ನೋಟೀಸನ್ನು ಬಾಯಲ್ಲೇ ಮುಗಿಸಿದೆ,
ಸ್ವಲ್ಪ ಕನ್ನಡ, ಜಾಸ್ತಿ ತುಳು,
ಸದರಿ, ಮೇಲ್ಕಾಣಿಸಿದ, ತತ್ಸಂಬಂಧ
ಇವನ್ನೆಲ್ಲ ಆ ಕಪ್ಪಿನೊಳಗೇ ಬಿಟ್ಟು.
ಬೆರಳು ಮಡಚಿದರು. ಇಪ್ಪತ್ತೊಂದು ಎಂದರೆ ಸೋಮವಾರ,
ಆವೆಗೆ ಬೆಂಕಿ ಕೊಡುವ ದಿನ, ಹಸಿ ಮಡಕೆ ಕಾಯುವುದಿಲ್ಲ.
ಬರಬೇಕಾ, ಅಲ್ಲ ಮಗನನ್ನು ಕಳಿಸಿದರೆ ಆಗುತ್ತದಾ?

ಮಲಯಾಳದಲ್ಲಿ ಏನಿತ್ತೆಂದು ಗೊತ್ತಿದ್ದದ್ದು ನನಗೆ.
ಬರಲೇಬೇಕು ಅಂದೆ.
ಆ 'ಲೇ' ನನ್ನದು. ಮೂಲದಲ್ಲಿ ಇರಲಿಲ್ಲ.
ಎರಡು ವರ್ಷದ ಕೆಲಸದಲ್ಲಿ ನಾನಾಗಿ ಸೇರಿಸಿದ್ದು ಅದೊಂದೇ.

ಗುಡ್ಡದ ತಿರುವಿನಲ್ಲಿ ಬಸ್ಸಿನ ಹಾರನ್ನು ಸಣ್ಣದಾಗುತ್ತ ಹೋಯಿತು.
"ಬರ್ಪೆ" ಅಂದರು ಮೂಲ್ಯರು, ಕೊಡೆ ಬಿಡಿಸಿ.
ಹೊರಡುವವರ ಬರ್ಪೆಯೋ, ಸೋಮವಾರದ ಬರ್ಪೆಯೋ,
ಕೇಳೋಣವೆಂದರೆ
ಆಗಲೇ ಗೇಟಿನ ಹೊರಗಿದ್ದರು.