ಏಳನೆಯ ಬಾಯಿ

ಬಸ್ಸಿನ ಜೊತೆ ಮುದುಕ ಒಂದು ನೋಟ್‌ಬುಕ್ಕನ್ನೂ ಕೊಟ್ಟ.
ರಟ್ಟಿಗೆ ಉಣ್ಣೆಯ ಜಿಡ್ಡು, ಒಳಗೆ ಹನ್ನೆರಡು ಮನೆ,
ವಾರಕ್ಕೊಂದು ಸಾಲಿನಂತೆ ಆರು ವರ್ಷದ ಲೆಕ್ಕ.
ಮೊದಲ ಪುಟದಲ್ಲಿ ಒಂದೇ ಮಾತು, ಎರಡು ಸಲ ತಿದ್ದಿದ್ದು:
ಉಂಗುರ ಕಳಚು.

ನನಗೆ ಕಳಚಲು ಉಂಗುರವಿರಲಿಲ್ಲ.
ಕೀಲಿ ಕೊಡುವಾಗ ಫರ್ಗಸ್ ಟಲಕ್‌ನ ಬೆರಳು ನೋಡಿದ್ದೆ,
ಸುತ್ತ ಬೆಳ್ಳಗೆ ಒಂದು ಗೆರೆ.
ಹೆಂಡತಿ ಹೋಗಿರಬೇಕು, ಪಾಪ, ಅಂದುಕೊಂಡು
ಇನ್ನೂರು ಡಾಲರ್ ಇಳಿಸಿ ಕೇಳಬೇಕೆಂದಿದ್ದವಳು
ಬಾಯಿ ಮುಚ್ಚಿಕೊಂಡೆ.

ಹಳೆಯ ಬೆಡ್‌ಫರ್ಡ್. ಶಾಲೆಗೆ ಮಕ್ಕಳನ್ನು ಹೊತ್ತು ಸವೆದದ್ದು.
ಕಿಟಕಿಯ ಚೌಕಟ್ಟಿನಲ್ಲಿ ಯಾವನೋ ಮೊಳೆಯಿಂದ ಕೊರೆದಿದ್ದಾನೆ,
ಅರ್ಧ ಹೆಸರು; ಅಷ್ಟರಲ್ಲಿ ಇಳಿಯುವ ಜಾಗ ಬಂದಿರಬೇಕು.
ಅಲ್ಲೀಗ ನನ್ನ ಹಾಸಿಗೆ. ಹಾಸಿಗೆಯಡಿ ಹಲಗೆ.
ಹಲಗೆಯಡಿ ನಾಲ್ಕು ಬ್ಯಾಟರಿ,
ಒಂದೊಂದಕ್ಕೂ ಮೂರು ಬಾಯಿ, ಮೂರು ಮುಚ್ಚಳ.
ಎರಡೆರಡು ಒಂದರ ಬಾಲ ಒಂದು ಹಿಡಿದು,
ಆ ಜೋಡಿಗಳು ಮತ್ತೆ ಹೆಗಲಿಗೆ ಹೆಗಲು ಕೊಟ್ಟು
ಕತ್ತಲಲ್ಲಿ ಕೂತಿವೆ.

ಉಣ್ಣೆ ಕತ್ತರಿಸುವ ತಂಡಕ್ಕೆ ಅಡುಗೆಯವಳು ನಾನು.
ಇಪ್ಪತ್ತೆರಡು ಜನರ ಹೊಟ್ಟೆಯ ಅಳತೆ ಗೊತ್ತು,
ಈ ಹನ್ನೆರಡರದ್ದು ಗೊತ್ತಿರಲಿಲ್ಲ.
ಕರೆಂಟು ಎಂದರೆ ಗೋಡೆಯ ತೂತು, ಅಷ್ಟೆ.

ನೇಸ್ಬಿಯಲ್ಲಿ ಜುಲೈ. ನೀರಿನ ಕೊಳವೆ ಕಲ್ಲಾಗುವ ಚಳಿ.
ಸೋಲಾರ್ ಹಲಗೆಗಳ ಮೇಲೆ ಮಧ್ಯಾಹ್ನದವರೆಗೂ ಮಂಜಿನ ಹೊದಿಕೆ.
ಗೇಜು ಸಂಜೆ ತುಂಬಿದೆ ಎನ್ನುತ್ತದೆ,
ರಾತ್ರಿ ಎರಡಕ್ಕೆ ದೀಪ ಕೆಂಪಗಾಗಿ, ಫ್ರಿಜ್ಜು ಬಿಕ್ಕಳಿಸಿ ನಿಲ್ಲುತ್ತದೆ.
ನೋಟ್‌ಬುಕ್ ತೆರೆದೆ:

*ಚಾರ್ಜು ನಿಂತ ಕೂಡಲೇ ಗೇಜನ್ನು ಕೇಳಬೇಡ.
ಆಗ ಅದು ನೆಂಟರ ಮುಂದೆ ಆಡುವ ಮಾತು.
ಒಂದು ರಾತ್ರಿ ಏನೂ ಬೇಡದೆ ಬಿಡು, ಬೆಳಗ್ಗೆ ಕೇಳು.*

*ನೀರು: ಬಟ್ಟಿ ಇಳಿಸಿದ್ದು ಮಾತ್ರ. ತುಂಬಿದ ಮೇಲೆ ಹಾಕು,
ಹಸಿದಾಗ ಹಾಕಿದರೆ ಆಮೇಲೆ ಉಕ್ಕಿ ಕಕ್ಕುತ್ತದೆ.*

*ತುಂಬಿದ ಬ್ಯಾಟರಿ ಹೆಪ್ಪುಗಟ್ಟದು. ಬರಿದಾದದ್ದು ಒಡೆಯುತ್ತದೆ.*

ಹಸಿರು ಹಿಟ್ಟು ಕಟ್ಟಿದ ತುದಿಗಳಿಗೆ ಅಡುಗೆ ಸೋಡಾ ಸುರಿದೆ,
ಸುರ್ರೆಂದಿತು; ಅಲ್ಲಿ ಮಾತ್ರ ನನ್ನ ಕಸುಬು ಕೈಗೆ ಬಂತು.
ಪ್ಯಾಂಟಿಗೇನೂ ಆಗಲಿಲ್ಲವೆಂದು ಬೀಗಿದೆ.
ಒಗೆದ ಮೇಲೆ ಅದು ಜರಡಿ.

ಗಾಜಿನ ನಳಿಗೆಯಲ್ಲಿ ಒಂದೊಂದು ಬಾಯಿಂದ ಆಮ್ಲ ಹೀರಿ
ತೇಲುವ ಕಡ್ಡಿ ಓದುತ್ತಾ ಹೋದೆ.
ಹನ್ನೆರಡು ಅರವತ್ತು. ಹನ್ನೆರಡು ಅರವತ್ತೈದು. ಅರವತ್ತು.
ಏಳನೆಯದರಲ್ಲಿ ಕಡ್ಡಿ ಮುಳುಗಿತು.
ಮುದುಕನ ಪುಟಗಳಲ್ಲೂ ಏಳರದ್ದು ಅದೇ ಪಾಡು.
ಅಂಚಿನಲ್ಲಿ ಪೆನ್ಸಿಲ್ಲು: *ಇವತ್ತೂ ಮುನಿಸು.*
*ಐದು ತಾಸು ಎಲ್ಲವನ್ನೂ ಕುದಿಸಿದೆ, ತುಸು ಎದ್ದಿತು.*
*ಮತ್ತೆ ಕೂತಿತು.*
ಆಮೇಲೆ ಆರು ಸಾಲು ಖಾಲಿ.
ಏಳನೆಯ ಸಾಲು ಬೇರೆ ಕೈಬರಹ, ಗುಂಡಗೆ:
*ಅವನು ಆಸ್ಪತ್ರೆಯಲ್ಲಿ. ನೀರು ಹಾಕಿದೆ.
ನಿನ್ನ ಏಳು ನಿನ್ನ ಹಾಗೇ ಇದೆ. ಮೇವಿಸ್.*

ಫೋನು ಮಾಡಿದೆ. ಎತ್ತಿದ್ದು ಹೆಂಗಸು.
ಒಂದು ಗಳಿಗೆ ನನಗೆ ಮಾತೇ ಹೊರಡಲಿಲ್ಲ.
“ಬೆರಳಾ?” ನಕ್ಕಳು ಮೇವಿಸ್.
“ಸ್ಪ್ಯಾನರಿಗೂ ಬಸ್ಸಿನ ಮೈಗೂ ನಡುವೆ ಉಂಗುರ ಸಿಕ್ಕಿತು ನೈರೀ,
ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕುಲುಮೆ.
ಕತ್ತರಿಸಿ ತೆಗೆದರು. ಆ ಎರಡು ತುಂಡು
ಸಕ್ಕರೆ ಡಬ್ಬದಲ್ಲಿ ಇಟ್ಟಿದ್ದಾನೆ, ಎಸೆಯಲು ಬಿಡ.”

ಹಿಂದಿನಿಂದ ಅವನ ದನಿ, ಕೆಮ್ಮಿನ ನಡುವೆ:
“ಏಳು ಎಷ್ಟು ತೋರಿಸ್ತಿದೆ ಕೇಳು.”
ಹನ್ನೆರಡು ಇಪ್ಪತ್ತು, ಅಂದೆ, ಮುದುಕನ ಸಮಾಧಾನಕ್ಕೆ.
“ಸುಳ್ಳು. ಹೋಗಿ ಮತ್ತೆ ನೋಡು, ನಾನು ಕಾಯ್ತೀನಿ.”

ಟಾರ್ಚು ಹಲ್ಲಲ್ಲಿ ಕಚ್ಚಿ ಹಲಗೆ ಎತ್ತಿದೆ.
ಇನ್ನೂರು ಡಾಲರ್ ನೆನಪಾಯಿತು.
ಫೋನಿನಲ್ಲಿ ಅವರ ಮನೆಯ ಕೆಟಲ್ಲು ಕೂಗುತ್ತಿತ್ತು.