ಏಳನೇ ನಂಬರಿನ ಸ್ಕೋಪು

ಮುಚ್ಚಳದ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬರೆದಿದ್ದರು: ಸತ್ತಿದೆ.
ಸತ್ತಿರಲಿಲ್ಲ. ಸ್ವಿಚ್ಚು ಹಾಕಿದರೆ ಒಳಗೆ ಫ್ಯಾನು ಕೆಮ್ಮುತ್ತಿತ್ತು,
ಹಸಿರು ಗೆರೆಯೊಂದು ಪರದೆಯ ತುದಿಗೆ ಹತ್ತಿ ಕೂತಿತ್ತು
ಅಟ್ಟದ ಬೆಕ್ಕಿನ ಹಾಗೆ,
ಕರೆದರೂ ಇಳಿಯದೆ.

ಮಂಡ್ಯದ ಪಾಲಿಟೆಕ್ನಿಕ್ಕಿಗೆ ನಲವತ್ತು ವರ್ಷದ ಹಿಂದೆ ಬಂದದ್ದು,
ನನಗಿಂತ ಎರಡು ವರ್ಷ ಹಿರಿದು.
ಹನ್ನೊಂದು ಸ್ಕ್ರೂ ಬಿಚ್ಚಿ ತಟ್ಟೆಯಲ್ಲಿಟ್ಟೆ.
ಒಳಗೆ ಇರುವೆ ಸಾಲು.
ಆಲೆಮನೆಯ ದಿನಗಳಲ್ಲಿ ಹುಡುಗರು
ಬೆಲ್ಲ ತಿಂದ ಬೆರಳಲ್ಲೇ ಗುಬುಟು ತಿರುಗಿಸುತ್ತಾರೆ,
ಇರುವೆಗೆ ಅಷ್ಟು ಸಾಕು.
ಬ್ರಷ್ಷಿನಲ್ಲಿ ಗುಡಿಸಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ.
ಬೆಕ್ಕು ಇಳಿಯಲಿಲ್ಲ.

ಮೀಟರು ಹಿಡಿದೆ. ಹನ್ನೆರಡು ಇರಬೇಕಾದಲ್ಲಿ ಹದಿನಾಲ್ಕೂವರೆ.
ರೆಗ್ಯುಲೇಟರು ಬದಲಿಸಿದೆ: ಹದಿನಾಲ್ಕೂವರೆ.
ಇನ್ನೊಂದು ಹಾಕಿದೆ. ಅದೂ ಅಷ್ಟೇ.
ನೆತ್ತಿ ಉಬ್ಬಿದ ಕೆಪ್ಯಾಸಿಟರು ಕಿತ್ತೆ,
ಬಳೆ ಮೇಲಕ್ಕೆ ಸರಿಸಿಕೊಂಡು ಹೊಸದನ್ನು ಬೆಸೆದೆ,
ಹೊಗೆ ಕಣ್ಣಿಗೆ ಹತ್ತಿತು.
ಹದಿನಾಲ್ಕೂವರೆ.
ಯಂತ್ರವನ್ನು ಬೈದೆ, ಅದನ್ನು ಕಟ್ಟಿದವರನ್ನು ಬೈದೆ,
ಟೆಂಡರಿನಲ್ಲಿ ಕಡಿಮೆ ದರ ಬರೆದ ಆ ಪುಣ್ಯಾತ್ಮನನ್ನೂ.

ಮೂರನೇ ದಿನ ಸಂಜೆ, ಬಾಗಿಲು ಹಾಕಲು ಬಂದ ಜವರಮ್ಮ
ಬೀಗ ಕೈಯಲ್ಲಿ ಹಿಡಿದು ನಿಂತು ನೋಡಿ ಅಂದಳು:
'ಅಲ್ಲ ಕಣವ್ವ, ಆವಾಗ್ಲಿಂದ ಅದನ್ನ ಅಳೀತಿದ್ದೀಯೆ.
ಅಳಿಯೋದನ್ನ ಅಳ್ದಿದ್ದೀಯಾ?'

ಗೋಡೆ ಗಡಿಯಾರದ ಸೆಲ್ಲು ಬಿಚ್ಚಿ ತಂದೆ.
ಒಂದೂವರೆ ಅನ್ನಬೇಕಾದ ಮೀಟರು
ಒಂದು ಪಾಯಿಂಟು ಎಂಬತ್ತೊಂದು ಅಂದಿತು, ನಾಚಿಕೆಯಿಲ್ಲದೆ.
ಹೊಟ್ಟೆಯ ಬ್ಯಾಟರಿ ಸೋತ ಮೀಟರು
ಕಡಿಮೆ ಹೇಳುವುದಿಲ್ಲ, ಹೆಚ್ಚು ಹೇಳುತ್ತದೆ.
ಒಲೆ ಹೊತ್ತಿಸದ ದಿನ ನೆಂಟರು ಬಂದರೆ
ನನ್ನಜ್ಜಿ ಅವರೆದುರು ತೇಗುತ್ತಿದ್ದಳಲ್ಲ, ಹಾಗೆ.

ಹೊಸ ಬ್ಯಾಟರಿಗೆ ಹನ್ನೆರಡು ಹನ್ನೆರಡೇ.
ರೋಗ ಇದ್ದದ್ದು ಬೇರೆಲ್ಲೋ:
ಗುಬುಟಿನ ಹಿಂದೆ ಕೂದಲಷ್ಟು ತಂತಿ, ತುಂಡಾಗಿ.
ಒಂದು ಹನಿ ತವರ.
ಗೆರೆ ಇಳಿದು ಬಂತು, ನಡುವೆ ಮಲಗಿತು.
ಮೇಜಿನ ಮೇಲೆ ನಾನು ಕಿತ್ತ ರೆಗ್ಯುಲೇಟರುಗಳು,
ಎರಡೂ ನಿರಪರಾಧಿಗಳು.

ಮನೆಗೆ ಹೋಗುವ ದಾರಿಯಲ್ಲಿ ಸಕ್ಕರೆ ಕಾರ್ಖಾನೆಯ ಗೇಟು.
ತೂಕದ ಕಟ್ಟೆಯ ಮೇಲೆ ಕಬ್ಬಿನ ಗಾಡಿ.
ಗಾಡಿಯವ ಎತ್ತಿನ ಬೆನ್ನು ಸವರುತ್ತಾ
ಬೋರ್ಡಿನ ಕೆಂಪು ಅಂಕಿಯನ್ನೇ ನೋಡುತ್ತಿದ್ದ,
ಚೀಟಿ ಈಸಿಕೊಂಡ, ಮಡಿಸಿದ.
ಸ್ಕೂಟರು ನಿಲ್ಲಿಸಿದೆ. ಏನೂ ಕೇಳಲಿಲ್ಲ.
ಚೀಲದಿಂದ ಆ ಹಳೆಯ ಬ್ಯಾಟರಿ ತೆಗೆದು
ನಾಲಿಗೆಗೆ ತಾಗಿಸಿದೆ.
ಇನ್ನೂ ಒಂದಿಷ್ಟು ಚುರ್ ಅಂದಿತು.